ಬೇರಿನಲ್ಲಿ ಚಹಾ ಚರಟ

"ಆ ಪಟ್ಟಿ ಬಿಚ್ಚಬೇಡಿ," ಎಂದಳು ನೆವ್ರಾ.

ನಾನಿನ್ನೂ ಪಟ್ಟಿಗೆ ಕೈಯನ್ನೇ ಹಾಕಿರಲಿಲ್ಲ. ಒತ್ತುಹಲಗೆಯನ್ನು ವಿಶ್ವವಿದ್ಯಾಲಯದ ಅವಳ ಕೋಣೆಗೆ ತಂದು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡಿದ್ದೆ, ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಊರಲ್ಲೂ ಇರುತ್ತಾರೆ. ಓದಿದವರಲ್ಲಿ ತುಸು ಜಾಸ್ತಿ.

ಒತ್ತುಹಲಗೆ ಅಂದರೆ ಎರಡು ಮರದ ಚೌಕಟ್ಟು, ನಡುವೆ ಹಳೆಯ ಪತ್ರಿಕೆಗಳ ಅಟ್ಟಿ, ಅದರೊಳಗೆ ಒಣಗುತ್ತಿರುವ ಗಿಡಗಳು, ಸುತ್ತ ಬಿಗಿದ ಚರ್ಮದ ಪಟ್ಟಿ. ಸಸ್ಯಶಾಸ್ತ್ರದ ಪ್ರೊಫೆಸರ್ ಮುಫಿತ್, ಊರಿಗೆಲ್ಲ ಮುಫಿತ್ ಹೋಜಾ, ಅಂದರೆ ಮುಫಿತ್ ಮೇಷ್ಟರು, ತಮ್ಮ ಜೀವಮಾನವಿಡೀ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿದ್ದು ಇದನ್ನೇ. ಅವರು ಸತ್ತ ಮೇಲೆ ಅವರ ಶಿಷ್ಯೆ ಡಾಕ್ಟರ್ ನೆವ್ರಾ ನಮ್ಮ ಠಾಣೆಯ ಉಗ್ರಾಣಕ್ಕೆ ನುಗ್ಗಿ ಕದಿಯಲು ಹೋಗಿ ಸಿಕ್ಕಿಬಿದ್ದದ್ದೂ ಇದಕ್ಕಾಗಿಯೇ. ಓದಿದವಳೆಂದು ಕೇಸು ಹಾಕದೆ ಬಿಟ್ಟಿದ್ದೆವು.

"ಯಾಕೆ ಬಿಚ್ಚಬಾರದು?"

"ಹೂವು ಹಾಳಾಗುತ್ತೆ."

"ಹಾಳಾದ್ರೆ ಒಂದು ಹೂವು ಹೋಗುತ್ತೆ ಡಾಕ್ಟ್ರೇ. ಅಲ್ಲಿ ಒಬ್ಬ ಮನುಷ್ಯ ಹಾಳಾಗ್ತಾ ಇದ್ದಾನೆ. ಸಂಜೆ ಜೈಲಿನ ವ್ಯಾನು ಬರುತ್ತೆ."

ನೆವ್ರಾ ಕಿಟಕಿಯ ಕಡೆ ನೋಡಿದಳು. ಮೇ ತಿಂಗಳು ಮುಗಿಯುತ್ತ ಬಂದಿದ್ದರೂ ನಮ್ಮ ಎರ್ಜುರುಮ್ ಊರಿನ ಮೇಲೆ ಹಿಮವೋ ಮಳೆಯೋ ತಿಳಿಯದ ಒಂದು ಕೊಳಕು ಸುರಿಯುತ್ತಿತ್ತು. ಕಲ್ಲಿದ್ದಲ ಹೊಗೆ ಮೇಲೇಳಲಾರದೆ ಬೀದಿಯಲ್ಲೇ ಬಿದ್ದುಕೊಂಡಿತ್ತು. ಕೋಣೆಯ ಸುತ್ತ ಕಪಾಟುಗಳು, ಕಪಾಟುಗಳ ತುಂಬ ಸತ್ತ ಗಿಡಗಳು, ಎಲ್ಲಕ್ಕೂ ನುಸಿಗುಳಿಗೆಯ ವಾಸನೆ. ನನ್ನ ಹೊಟ್ಟೆಯ ಹುಣ್ಣು ಬೆಳಿಗ್ಗೆಯಿಂದಲೇ ಉರಿಯುತ್ತಿತ್ತು. ಅದಕ್ಕೆ ಈ ವಾಸನೆ ಬೇರೆ ಸೇರಿಕೊಂಡಿತು.

ಜೈಲಿಗೆ ಹೋಗಬೇಕಾದವನು ಬಿನಾಲಿ, ಕುರಿ ಕಾಯುವವನು. ಕರ್ಗಾಪಜಾರಿ ಬೆಟ್ಟದ ಹುಲ್ಲುಗಾವಲಿನಲ್ಲಿ, ಕುರಿಗಳು ಮೇಲೆ ಹೋಗುವವರೆಗೆ ಖಾಲಿಯೇ ಇರುವ, ಅವನದೊಂದು ಕಲ್ಲಿನ ಗುಡಿಸಲಿದೆ. ಹೋಜಾ ಹೆಣವಾಗಿ ಸಿಕ್ಕಿದ್ದು ಅದರೊಳಗೆ. ಸತ್ತದ್ದು ವಾರದ ಮೊದಲಲ್ಲಿ ಎನ್ನುತ್ತಾರೆ ಹೆಣ ಪರೀಕ್ಷಿಸಿದ ಡಾಕ್ಟರು, ಸಿಕ್ಕಿದ್ದು ವಾರದ ಕೊನೆಗೆ. ತಲೆಯ ಹಿಂಭಾಗಕ್ಕೆ ಪೆಟ್ಟು. ಹೊಸ್ತಿಲ ಕಲ್ಲಿಗೆ ತಾನಾಗಿ ಬಿದ್ದದ್ದೋ, ಯಾರಾದರೂ ನೂಕಿದ್ದೋ ಹೇಳುವವರಿಲ್ಲ. ಹೆಣವನ್ನು ಮಾತ್ರ ಮಕ್ಕಾ ಕಡೆ ಮುಖ ಮಾಡಿ ಮಲಗಿಸಿ, ಮಫ್ಲರಿನಿಂದ ದವಡೆ ಕಟ್ಟಿ, ಹೊಟ್ಟೆ ಉಬ್ಬದಿರಲೆಂದು ಮೇಲೆ ಕಬ್ಬಿಣ ಇಟ್ಟಿದ್ದರು. ಕಬ್ಬಿಣವೆಂದರೆ ಹೋಜಾ ಗಡ್ಡೆ ಅಗೆಯುತ್ತಿದ್ದ ಕೈಗುದ್ದಲಿ.

"ಕೊಂದವನೇ ಆಮೇಲೆ ದೇವರಿಗೆ ಹೆದರಿ ಮಲಗಿಸಿದಾನೆ," ಎಂದರು ಪ್ರಾಸಿಕ್ಯೂಟರ್ ಸಾಹೇಬರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಪೈಕಿ ಅವರು. ಬಿನಾಲಿಯ ಚೀಲದಲ್ಲಿ ಹೋಜಾರ ದುರ್ಬೀನು ಸಿಕ್ಕಿತ್ತು. ಹೋದ ವರ್ಷ ಕಳ್ಳತನದಲ್ಲಿ ಹೂವಿನ ಗಡ್ಡೆ ಅಗೆದು ವ್ಯಾಪಾರಿಗೆ ಮಾರಿದ್ದಕ್ಕೆ ಹೋಜಾ ಅವನ ಮೇಲೆ ದೂರು ಕೊಟ್ಟಿದ್ದರು. ಚಹಾದಂಗಡಿಯಲ್ಲಿ ಹತ್ತು ಜನರ ಮುಂದೆ "ಆ ಮುದುಕನ್ನೂ ಗಡ್ಡೆ ಜೊತೆಗೇ ಹೂಳ್ತೀನಿ" ಎಂದು ಇವನು ಕೂಗಾಡಿದ್ದ. ಬಡವನ ಕೋಪ ದವಡೆಗೆ ಮೂಲ. ಅವನ ಹೆಂಡತಿ ಗಂಡನ ಉಣ್ಣೆಯ ಕಾಲುಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಬೆಳಿಗ್ಗೆಯಿಂದ ಠಾಣೆಯ ಕಾರಿಡಾರಿನಲ್ಲಿ ಕೂತಿದ್ದಳು. ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಅವಳನ್ನು ದಾಟಿ ಹೋಗುವಾಗಲೆಲ್ಲ ನನಗೆ ನನ್ನ ಕೆಲಸದ ಮೇಲೆ ಅಸಹ್ಯವಾಗುತ್ತಿತ್ತು.

ಜವಾನ ಚಹಾ ತಂದಿಟ್ಟು ಹೋದ. ನಾನು ಗಟ್ಟಿ ಸಕ್ಕರೆಯ ತುಂಡನ್ನು ಹಲ್ಲಲ್ಲಿ ಕಚ್ಚಿಕೊಂಡು ಮೇಲಿಂದ ಚಹಾ ಹೀರಿದೆ. ನೆವ್ರಾ ತನ್ನ ಸಕ್ಕರೆಯನ್ನು ಗ್ಲಾಸಿಗೆ ಹಾಕಿ ಚಮಚದಲ್ಲಿ ಟಿಣಿಟಿಣಿ ಅಂತ ಕಲಸತೊಡಗಿದಳು.

"ಇಷ್ಟು ವರ್ಷ ಇಲ್ಲಿದ್ದೂ ಕಚ್ಚಿ ಕುಡಿಯೋದು ಕಲೀಲಿಲ್ವಲ್ಲ ಡಾಕ್ಟ್ರೇ."

"ನಮ್ಮ ಇಜ್ಮಿರ್‌ನಲ್ಲಿ ಕುದುರೆಗಳು ಮಾತ್ರ ಸಕ್ಕರೆ ಕಚ್ಚೋದು ಸೆಯ್ಫಿ ಬೇ," ಎಂದಳು. ಅವಳ ಮುಖದಲ್ಲಿ ಒಂದು ಕ್ಷಣ ನಗು ಬಂದಂತಾಗಿ ಹೋಯಿತು. ಬೇರೆ ದಿನವಾಗಿದ್ದರೆ ಆಕೆ ಒಳ್ಳೆಯ ಮಾತುಗಾರ್ತಿ ಇರಬೇಕು.

"ಸರಿ, ನನಗೊಂದು ಪಾಠ ಹೇಳಿ. ಈ ಕಾಗದ ಬದಲಾಯಿಸದೇ ಇದ್ರೆ ಏನಾಗುತ್ತೆ?"

"ಯಾವ ಗಿಡ ಅನ್ನೋದರ ಮೇಲೆ."

"ಗಡ್ಡೆ ಇರೋ ಗಿಡ. ಈ ಜಾತಿ."

ಮೇಷ್ಟರಿಗೆ ಗೊತ್ತಿರುವ ಉತ್ತರವನ್ನು ಬಾಯಲ್ಲಿ ಹಿಡಿದಿಟ್ಟುಕೊಳ್ಳುವುದು ಕಷ್ಟ. ಕೊನೆಗೆ ಹೊರಬಂತು. "ನೀರು ತುಂಬಿರೋ ಗಿಡ ಇದು. ಸುಲಭಕ್ಕೆ ಸಾಯಲ್ಲ, ಒತ್ತಿಟ್ಟ ಮೇಲೂ ಒಳಗೇ ಬೆಳೆಯುತ್ತೆ. ದಿನಾ ಒದ್ದೆ ಕಾಗದ ತೆಗೆದು ಒಣ ಕಾಗದ ಇಡಬೇಕು. ಎರಡು ದಿನ ಮರೆತರೆ ಕಪ್ಪಾಗುತ್ತೆ. ಆಮೇಲೆ ಬೂಷ್ಟು."

ನಾನು ಪಟ್ಟಿ ಬಿಚ್ಚಿದೆ.

ಮೇಲಿನ ಕಾಗದಗಳನ್ನು ಸರಿಸಿದಾಗ ಹೂವು ಕಾಣಿಸಿತು. ತಲೆ ತಗ್ಗಿಸಿದ ಗಂಟೆಯ ಆಕಾರ. ಮದುವಣಗಿತ್ತಿಯಂತೆ ತಲೆ ತಗ್ಗಿಸುತ್ತದೆ ಎಂದು ನಮ್ಮ ಹೆಂಗಸರು ಈ ಜಾತಿಯ ದೊಡ್ಡ ಹೂವನ್ನು ಅಳುವ ಮದುಮಗಳು ಎನ್ನುತ್ತಾರೆ. ಇದು ಅದಕ್ಕಿಂತ ಚಿಕ್ಕದು, ಹಳದಿ, ಒಳಗೆ ನೇರಳೆ ಗೆರೆಗಳು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ.

"ವಾರದ ಮೊದಲಲ್ಲಿ ಹೋಜಾ ಸತ್ತರು," ಎಂದೆ. "ಹೆಣ ಅಲ್ಲೇ ಮಲಗಿತ್ತು. ಹೂವು ಮಾತ್ರ ಹಳದಿಯಾಗೇ ಇದೆ. ಸತ್ತವರು ದಿನಾ ಎದ್ದು ಕಾಗದ ಬದಲಾಯಿಸಿದ್ರಾ?"

ನೆವ್ರಾ ಗ್ಲಾಸಿನಲ್ಲಿ ಚಮಚವನ್ನು ಮತ್ತೊಂದು ಸುತ್ತು ತಿರುಗಿಸಿದಳು.

"ಕುರಿ ಕಾಯೋನಿಗೆ ಪತ್ರಿಕೆ ಅಂದ್ರೆ ರೊಟ್ಟಿ ಸುತ್ತೋ ಕಾಗದ. ಹೆಣದ ಪಕ್ಕ ಕೂತು ಹೂವಿನ ಬಣ್ಣ ಕಾಯೋ ಹುಚ್ಚು ನಿಮ್ಮ ಜಾತಿಯವರಿಗೇ ಇರೋದು. ಗುಡಿಸಲೊಳಗೆ ಒದ್ದೆ ಕಾಗದಗಳನ್ನ ದಾರ ಕಟ್ಟಿ ಸಾಲಾಗಿ ಹರವಿದ್ರು ಡಾಕ್ಟ್ರೇ. ಮನೇಲಿ ಬಟ್ಟೆ ಒಣಗಿಸೋ ಹಾಗೆ."

"ನಾನು ಆ ವಾರ ಬೆಟ್ಟ ಹತ್ತಲಿಲ್ಲ."

"ಹೋದ ಚಳಿಗಾಲದಿಂದ ಹೋಜಾ ನಿಮ್ಮ ಜೊತೆ ಮಾತು ಬಿಟ್ಟಿದ್ರು."

"ಅದು ಇಡೀ ಊರಿಗೇ ಗೊತ್ತು."

ಊರಿಗೆ ಗೊತ್ತಿತ್ತು, ನನಗೂ ಗೊತ್ತಾಗಿತ್ತು. ಹೋಜಾ ತಮ್ಮ ಪ್ರಾಯದಲ್ಲಿ ಹೊಸ ಗಿಡಗಳೆಂದು ಹೆಸರಿಟ್ಟದ್ದು ಒಂದು ಕೈಯ ಬೆರಳುಗಳಷ್ಟು. ವಯಸ್ಸಾದಂತೆ ಬೇರೆ ಬೇರೆ ದೇಶದ ಪಂಡಿತರು ಅವನ್ನು ಒಂದೊಂದಾಗಿ ಅಳಿಸಿದರು. ಇದು ಹೊಸದಲ್ಲ, ಹಳೆಯ ಗಿಡವೇ, ಸ್ವಲ್ಪ ಕುಳ್ಳಗಿದೆ. ಇದೂ ಹೊಸದಲ್ಲ, ಸ್ವಲ್ಪ ಕೂದಲು ಜಾಸ್ತಿ. ಮಕ್ಕಳಿಲ್ಲದ ಮನುಷ್ಯ ಬದುಕಿದ್ದಾಗಲೇ ತಾನು ಹೆಸರಿಟ್ಟವುಗಳೆಲ್ಲ ಹೆಸರು ಕಳೆದುಕೊಳ್ಳುವುದನ್ನು ನೋಡಿದರು.

"ಕೊನೆಗೆ ಉಳಿದಿದ್ದ ಒಂದನ್ನ ಅಳಿಸಿದ್ದು ನೀವು."

"ಅದು ಹೊಸ ಜಾತಿ ಆಗಿರಲಿಲ್ಲ," ಎಂದಳು ನೆವ್ರಾ. ಧ್ವನಿ ಗಟ್ಟಿಯಾಗಿತ್ತು. "ನೆರಳಲ್ಲಿ ಬೆಳೆದ ಹಳೇ ಜಾತಿ. ಗಿಡಕ್ಕೆ ದಾಕ್ಷಿಣ್ಯ ಗೊತ್ತಿಲ್ಲ, ನಾವೂ ದಾಕ್ಷಿಣ್ಯ ನೋಡಬಾರದು ಅಂತ ಹೇಳಿಕೊಟ್ಟವರೇ ಅವರು. ನಾನೇನು ಸುಳ್ಳು ಹೇಳಬೇಕಿತ್ತಾ?"

"ಸುಮ್ಮನಿರಬಹುದಿತ್ತು. ಅವರು ಸಾಯೋವರೆಗೆ."

"ಸುಮ್ಮನಿರೋದೂ ಸುಳ್ಳೇ."

"ಅಷ್ಟು ನಿಜ ಹೇಳೋರು ಠಾಣೆಗೆ ಕಿಟಕಿಯಿಂದ ಯಾಕೆ ಬರ್ತಾರೆ?"

ಈ ಏಟು ತಾಗಿತು. ನೆವ್ರಾ ಗ್ಲಾಸು ಎತ್ತಿ, ಕುಡಿಯದೆ ಕೆಳಗಿಟ್ಟಳು. ನಾನು ಆಕೆಯ ಕಣ್ಣನ್ನೇ ನೋಡುತ್ತಿದ್ದೆ. ಮುಂದಿನ ವಾರ ಈ ಹೂವಿಗೆ ಸತ್ತ ಹೋಜಾರ ಹೆಸರಿಡುವ ಸಭೆಯಿತ್ತು. ಬೆಟ್ಟದ ಕೆಳಗಿನ ಹಳ್ಳಿಯ ಫೋನಿನಿಂದ ಹೆಂಡತಿಗೆ "ಸಿಕ್ಕಿತು, ಇಂಥದ್ದು ಯಾರೂ ಕಂಡಿಲ್ಲ" ಎಂದು ಅವರು ಹೇಳಿದ ಕೊನೆಯ ಮಾತು ಊರಿನಲ್ಲೆಲ್ಲ ಓಡಾಡುತ್ತಿತ್ತು. ಈ ಹೂವನ್ನು ನೋಡಿದವರೆಲ್ಲ ಹೂವನ್ನೇ ನೋಡಿದ್ದರು. ನೆವ್ರಾ ಹೂವಿನ ಕಡೆ ತಿರುಗಿಯೂ ನೋಡಿರಲಿಲ್ಲ. ಆಕೆಯ ಕಣ್ಣು ಕೆಳಗೆ, ಬೇರಿನ ಮೇಲೆಯೇ ಇತ್ತು.

"ಬೇರಲ್ಲಿ ಏನಿದೆ?"

"ಮಣ್ಣು."

"ಹೋಜಾ ಬೇರು ತೊಳೀತಿರಲಿಲ್ವಾ?"

"ತೊಳೀತಿದ್ರು. ಎಷ್ಟೇ ಚಳಿ ಇರಲಿ, ತೊರೇಲಿ ಕೂತು ಹಲ್ಲುಜ್ಜೋ ಬ್ರಷ್‌ನಲ್ಲಿ ತೊಳೀತಿದ್ರು. ತೊಳೆಯದ ಬೇರನ್ನ ಅವರು ಒತ್ತಿದ್ದು ನಾನು ನೋಡಿಲ್ಲ."

"ಇದನ್ನ ತೊಳೆದಿಲ್ಲ."

"ಇಲ್ಲ."

ಬೇರುಗಳ ನಡುವೆ ಕಪ್ಪನೆಯ ಚೂರುಗಳು ಸಿಕ್ಕಿಕೊಂಡಿದ್ದವು. ಚಿವುಟಿ ಒಂದನ್ನು ತೆಗೆದೆ. "ಬೇಡ," ಎಂದು ನೆವ್ರಾ ನನ್ನ ಕೈ ಹಿಡಿದಳು. ಪೊಲೀಸನ ಕೈ ಹಿಡಿಯುವಷ್ಟು ಧೈರ್ಯ ಯಾರಿಗೂ ಸುಮ್ಮನೆ ಬರುವುದಿಲ್ಲ. ನಾನು ಕೈ ಬಿಡಿಸಿಕೊಂಡು ನನ್ನ ತಟ್ಟೆಗೆ ಒಂದಿಷ್ಟು ಬಿಸಿ ಚಹಾ ಬಗ್ಗಿಸಿ ಚೂರನ್ನು ಅದರೊಳಗೆ ಹಾಕಿದೆ.

ಚೂರು ಮೆಲ್ಲಗೆ ಉಬ್ಬಿತು. ಮಡಿಕೆ ಬಿಡಿಸಿಕೊಂಡಿತು. ಅಂಚಿನಲ್ಲಿ ಗರಗಸದ ಹಲ್ಲುಗಳಿದ್ದ ಒಂದು ತುಂಡು ಎಲೆಯಾಗಿ ತಟ್ಟೆಯಲ್ಲಿ ತೇಲಿತು. ಗುರುತಿಸಲು ಯಾವ ಶಾಸ್ತ್ರವೂ ಬೇಕಿರಲಿಲ್ಲ. ದಿನಕ್ಕೆ ಹತ್ತು ಸಲ ಗ್ಲಾಸಿನ ತಳದಲ್ಲಿ ನೋಡುವ ಎಲೆ ಅದು.

"ಚಹಾ," ಎಂದೆ.

"ಕುರುಬರೂ ಬೆಟ್ಟದ ಮೇಲೆ ಚಹಾ ಕುಡೀತಾರೆ." ಆಕೆಯ ಮಾತಿನಲ್ಲಿ ಜೀವವಿರಲಿಲ್ಲ.

"ಮೊಟ್ಟೆ ಸಿಪ್ಪೆಯನ್ನೂ ಹುಡಿ ಮಾಡಿ ಹಾಕ್ತಾರಾ?" ಬಿಳಿಯ ಚೂರುಗಳನ್ನು ಬೆರಳಿನಿಂದ ತೋರಿಸಿದೆ. "ಬೇರು ನೋಡಿ. ಕೆಳಗೆ ಇಳಿದಿಲ್ಲ, ಸುತ್ತಿ ಸುತ್ತಿ ಚೌಕ ಆಗಿದೆ. ಬೆಟ್ಟದಲ್ಲಿ ಜಾಗಕ್ಕೆ ಬರವಾ? ಇದು ತವರದ ಡಬ್ಬಿಯೊಳಗೆ ಬೆಳೆದ ಗಿಡ. ಯಾರೋ ಮಣ್ಣಿನ ಹೆಂಟೆ ಸಮೇತ ಕೊಂಡೊಯ್ದು ಹೋಜಾ ಓಡಾಡೋ ದಾರೀಲಿ ನೆಟ್ಟಿದಾರೆ."

ನೆವ್ರಾ ಮುಖ ಮುಚ್ಚಿಕೊಂಡು ಅತ್ತಳು. ಬಹಳ ಹೊತ್ತು ಅತ್ತಳು. ಆ ಅಳು ನಿಜವಾದದ್ದೇ, ಈಗಲೂ ಹಾಗೇ ಅಂದುಕೊಂಡಿದ್ದೇನೆ.

"ಇದಕ್ಕೇ ಕದಿಯೋಕೆ ಬಂದೆ," ಎಂದಳು ಕೊನೆಗೆ. "ಹೆಣ ತಂದ ದಿನ ಹಲಗೆ ಬಿಚ್ಚಿ ತೋರಿಸಿದಾಗ ದೂರದಿಂದ ಬೇರು ನೋಡಿದ್ದೆ. ಯಾರ ಕಣ್ಣಿಗೂ ಬೀಳದೆ ತೊಳೆದುಬಿಡೋಣ ಅಂತ."

"ಯಾರನ್ನ ಉಳಿಸೋಕೆ?"

"ಹೋಜಾ ಈ ಹಲಗೇನ ಶಿಷ್ಯರ ಕೈಗೆ ಕೊಟ್ಟವರಲ್ಲ ಸೆಯ್ಫಿ ಬೇ. ನಾವು ಹೊರೋದು ಮಾತ್ರ. ಕಾಗದ ಬದಲಾಯಿಸೋದು ಮನೇಲಿ. ಮದುವೆಯಾದ ಹೊಸದರಿಂದ, ಪ್ರತಿ ಸಂಜೆ, ಒಲೆ ಪಕ್ಕ ದಾರ ಕಟ್ಟಿ." ಮೂಗು ಒರೆಸಿಕೊಂಡಳು. "ಹೆಸರು ನನ್ನ ಬಾಯಲ್ಲಿ ಹೇಳಿಸಬೇಡಿ. ಆ ತಾಯಿ ಕೈಯಿಂದ ನಾನು ಅನ್ನ ತಿಂದಿದೀನಿ."

ಹೇಳಬೇಕಾಗಿರಲಿಲ್ಲ. ಆ ಕೈಯಿಂದ ಬೆಳಿಗ್ಗೆ ನಾನೂ ತಿಂದಿದ್ದೆ.

* * *

ಹೋಜಾರ ಹೆಂಡತಿ ಬೆಹಿಜೆ ಅಮ್ಮನ ಮನೆ ಹಳೆಯ ಪೇಟೆಯ ಇಳಿಜಾರಿನಲ್ಲಿ, ಎರಡನೆಯ ಮಹಡಿ. ಬೆಳಿಗ್ಗೆ ಹೋದಾಗ ರೊಟ್ಟಿ, ಗಿಣ್ಣು, ಬೇಯಿಸಿದ ಮೊಟ್ಟೆ ಮುಂದಿಟ್ಟು, "ಹೊಟ್ಟೆ ಹುಣ್ಣಿಗೆ ಖಾಲಿ ಹೊಟ್ಟೆ ಆಗಲ್ಲ" ಎಂದು ಎದುರಿಗೆ ಕೂತು ತಿನ್ನಿಸಿದ್ದರು. ತಿಂದಾದ ಮೇಲೆ ಕೆಟಲಿನ ಚಹಾ ಚರಟವನ್ನು ಬಾಲ್ಕನಿಗೆ ಒಯ್ದು ಹೂವಿನ ಡಬ್ಬಿಗಳಿಗೆ ಸುರಿದಿದ್ದರು, ಮೊಟ್ಟೆಯ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಸುಕಿ ಮೇಲೆ ಉದುರಿಸಿದ್ದರು. ನಮ್ಮ ಕಡೆ ಯಾವ ಹೆಂಗಸು ಹಾಗೆ ಮಾಡುವುದಿಲ್ಲ? ನನ್ನ ತಾಯಿಯೂ ಮಾಡುತ್ತಿದ್ದಳು. ಅದಕ್ಕೇ ನೋಡಿಯೂ ನೋಡಿರಲಿಲ್ಲ.

ಬಾಲ್ಕನಿಯಲ್ಲಿ ಇನ್ನೊಂದನ್ನೂ ನೋಡಿದ್ದೆ. ಕಾಡುಸೊಪ್ಪನ್ನು ಜಡೆ ಹೆಣೆದು ಚಳಿಗಾಲದ ಸಾರಿಗೆಂದು ನೇತುಹಾಕಿದ್ದರು. ಈ ತಿಂಗಳು ಹಾಲಿನ ಲಾರಿ ಹತ್ತಿ ಬೆಟ್ಟಕ್ಕೆ ಹೋದವರ ಮನೆಯಲ್ಲಿ ಮಾತ್ರ ಅದು ಇರುತ್ತದೆ. ಗಂಡ ಸತ್ತ ಮನೆಗೆ ನೆರೆಯವರು ಯಾರೋ ಕೊಟ್ಟಿರಬೇಕು ಎಂದುಕೊಂಡಿದ್ದೆ. ಒಳ್ಳೆಯವರ ವಿಷಯಕ್ಕೆ ಬಂದರೆ ನಮ್ಮ ಬುದ್ಧಿಯೂ ಸೋಮಾರಿಯಾಗುತ್ತದೆ.

"ಬಾ ಸೆಯ್ಫಿ. ಕಾಲೆಲ್ಲ ಒದ್ದೆಯಾಗಿದೆ, ಒಲೆ ಹತ್ರ ಕೂತ್ಕೊ," ಎಂದರು ಬೆಹಿಜೆ ಅಮ್ಮ.

ಚಹಾ ಬಗ್ಗಿಸಿ ಕೈಗೆ ಕೊಟ್ಟರು. ಅಂಚಿಗೆ ಚಿನ್ನದ ಬಣ್ಣದ ಗೆರೆಯಿದ್ದ ತೆಳ್ಳನೆಯ ಗ್ಲಾಸು. ಸಕ್ಕರೆ ಕಚ್ಚಿಕೊಂಡು ಒಂದು ಗುಟುಕು ಹೀರಿದೆ. ಕೇಳಬೇಕಾದದ್ದನ್ನು ಕೇಳಲು ನಾಲಿಗೆ ಏಳಲಿಲ್ಲ. ಸುಮ್ಮನೆ, "ಆ ಸೊಪ್ಪು ಯಾರು ತಂದ್ರು ಅಮ್ಮಾ?" ಎಂದೆ.

"ನಾನೇ."

"ಯಾವ ಬೆಟ್ಟದಿಂದ?"

ಅವರು ಎದುರಿಗಿದ್ದ ಹೋಜಾರ ಕುರ್ಚಿಯಲ್ಲಿ ಕೂತರು. "ನಿನಗೆ ಗೊತ್ತಾಗಿದೆ. ಮತ್ಯಾಕೆ ಮುದುಕೀನ ಸುತ್ತಾಡಿಸ್ತೀಯ?"

"ಹೂವು ನಿಮ್ಮದಾ?"

"ಡಬ್ಬೀಲಿ ತಾನಾಗೇ ಹುಟ್ಟಿದ್ದು. ಅವರು ಯಾವಾಗಲೋ ತಂದ ಎರಡು ಜಾತಿ ಗಡ್ಡೆ ಅಕ್ಕಪಕ್ಕ ಇದ್ವು. ಜೇನು ಏನು ಮಾಡ್ತೋ ಏನೋ, ಬೀಜ ಬಿತ್ತು. ವರ್ಷಗಟ್ಟಲೆ ಬರೀ ಎಲೆ. ಹೋದ ವರ್ಷ ಹೂ ಬಿಟ್ಟಾಗ ಅವರು ಕಣ್ಣಿನ ಆಪರೇಷನ್ ಅಂತ ಆಸ್ಪತ್ರೇಲಿದ್ರು. ನೋಡಿ ನನಗೇ ಎದೆ ಝಲ್ ಅಂತು. ಅವರ ಅಷ್ಟೂ ಗಿಡ ನನ್ನ ಕೈಮೇಲೆ ಹೋಗಿವೆ, ಅಂಥದ್ದು ಕಂಡಿರಲಿಲ್ಲ."

"ಅವರಿಗೇ ಹೇಳಬಹುದಿತ್ತಲ್ಲ."

"ಬಾಲ್ಕನಿ ಹೂವಿಗೆ ಯಾರಪ್ಪ ಹೆಸರಿಡ್ತಾರೆ? ಕಾಡಲ್ಲಿ ಹುಟ್ಟಿದ್ರೆ ಮಾತ್ರ ಅವರ ಶಾಸ್ತ್ರದಲ್ಲಿ ಬೆಲೆ." ಒಲೆಯ ಬಾಗಿಲು ತೆಗೆದು ಇದ್ದಲು ಹಾಕಿದರು. "ಕೊನೇ ಗಿಡದ ಹೆಸರೂ ಹೋದ ಮೇಲೆ ಅವರು ಗೋಡೆ ನೋಡ್ಕೊಂಡು ಕೂರೋಕೆ ಶುರುಮಾಡಿದ್ರು. ಇದೇ ಕುರ್ಚೀಲಿ. ಊಟಕ್ಕೆ ಕರೆದ್ರೆ, ನಾನು ಏನು ಮಾಡಿದೆ ಬೆಹಿಜೆ ಇಷ್ಟು ವರ್ಷ, ಅನ್ನೋರು. ಅದಕ್ಕೇ ಹಿಮ ಕರಗಿದ ಕೂಡಲೇ ಸೊಪ್ಪು ಕೀಳೋ ಹೆಂಗಸರ ಜೊತೆ ಲಾರಿ ಹತ್ತಿ ಹೋಗಿ ನೆಟ್ಟು ಬಂದೆ. ತಲೆಗೆ ಬಟ್ಟೆ ಕಟ್ಟಿದ ಮುದುಕೀನ ಯಾರು ನೋಡ್ತಾರೆ? ಆಮೇಲೆ ಇವರನ್ನ, ಒಂದು ಸಲ ಆ ಕಡೆ ಹೋಗಿಬನ್ನಿ ಅಂತ ನಾನೇ ಕಳಿಸಿದೆ."

"ನೀವೇ ಕಳಿಸಿದ್ರಿ," ಎಂದೆ. ಹೇಳಬಾರದಿತ್ತು.

"ಹೌದು. ನಾನೇ ಕಳಿಸಿದೆ."

ಫೋನಿನಲ್ಲಿ ಹೋಜಾ ನಕ್ಕದ್ದು ಕೇಳಿ ಅವರಿಗೆ ನಿದ್ದೆ ಬಂದಿರಲಿಲ್ಲವಂತೆ. ಮರುದಿನವೇ ಒಣಗಿದ ಕಾಲುಚೀಲ, ರೊಟ್ಟಿ ಕಟ್ಟಿಕೊಂಡು ಲಾರಿ ಹತ್ತಿದರು. ಹೋಜಾ ಹೊಸ್ತಿಲ ಹತ್ತಿರ ಬಿದ್ದಿದ್ದರು, ತಣ್ಣಗಾಗಿದ್ದರು. ಒಬ್ಬರೇ ಒಳಗೆಳೆದು, ಮಲಗಿಸಿ, ದವಡೆ ಕಟ್ಟಿ, ಹತ್ತಿರದಲ್ಲಿದ್ದ ಕಬ್ಬಿಣ ಇಟ್ಟರು. ಗೊತ್ತಿದ್ದ ಪ್ರಾರ್ಥನೆ ಹೇಳಿಕೊಂಡರು.

"ಎದ್ದು ಯಾರನ್ನಾದ್ರೂ ಕರೆಯೋಣ ಅಂತ ಬಾಗಿಲಿಗೆ ಬಂದೆ. ಹಲಗೆ ಕಣ್ಣಿಗೆ ಬಿತ್ತು. ಕಾಗದ ಮುಟ್ಟಿ ನೋಡಿದೆ, ಒದ್ದೆ." ಕೈಗಳನ್ನು ಮಡಿಲಲ್ಲಿಟ್ಟು ಅವನ್ನೇ ನೋಡಿಕೊಂಡರು. "ಕೈಗೆ ಅಭ್ಯಾಸ ಸೆಯ್ಫಿ. ಅಳೋದು ಬಿಟ್ಟು ಕಾಗದ ಬದಲಾಯಿಸಿದೆ. ಆಮೇಲೆ ಅನ್ನಿಸ್ತು, ಈ ಹೂವೂ ಕಪ್ಪಾದ್ರೆ ಅವರದ್ದು ಅಂತ ಏನುಳೀತು? ಜನ ಬಂದ್ರೆ ತುಳಿದು ಒಡೀತಾರೆ. ಒಣಗಲಿ, ಆಮೇಲೆ ಹೇಳೋಣ ಅಂತ ದಿನಾ ಹೋಗಿ ಬಂದೆ. ಅವರು ಪಕ್ಕದಲ್ಲೇ ಮಲಗಿದ್ರಲ್ಲ, ಭಯ ಆಗಲಿಲ್ಲ."

ಪೊಲೀಸ್ ಕೆಲಸಕ್ಕೆ ಬಂದ ಮೇಲೆ ಎಷ್ಟೋ ಜನರ ಬಾಯಲ್ಲಿ ಎಷ್ಟೋ ಕೇಳಿದ್ದೇನೆ. ಇದನ್ನು ಕೇಳುತ್ತ ಎದ್ದು ಹೋಗಿಬಿಡೋಣ ಅನ್ನಿಸಿತು.

"ಅಮ್ಮಾ, ಅವರು ಈ ಬೇರು ತೊಳೆದಿರಲಿಲ್ಲ."

"ಏನು?"

"ಬೇರು. ಚಹಾ ಚರಟ ಹಾಗೇ ಇತ್ತು. ಮೊಟ್ಟೆ ಸಿಪ್ಪೆನೂ."

ಬೆಹಿಜೆ ಅಮ್ಮ ತಲೆಯ ಬಟ್ಟೆಯ ಅಂಚನ್ನು ಬಾಯಿಗೆ ಒತ್ತಿಕೊಂಡರು. "ತೊಳೀಲಿಲ್ವಾ," ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ತೊಳೀಲಿಲ್ವಾ ಅವರು," ಎಂದರು. ಹೋಜಾರಿಗೆ ಗೊತ್ತಾಗಿತ್ತು. ಯಾರ ಕೈಯ ಚರಟ ಎಂದು ತಿಳಿದೇ ಅದನ್ನು ಹಾಗೇ ಕಾಗದದೊಳಗೆ ಮಲಗಿಸಿದ್ದರು. ಆ ಹೆಂಗಸು ಅಳುವುದನ್ನು ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ, ಒಲೆಯ ಕಡೆ ತಿರುಗಿದೆ.

ಹೊರಗೆ ಬೆಳಕು ಕುಗ್ಗುತ್ತಿತ್ತು. ವ್ಯಾನಿನ ಹೊತ್ತು ಹತ್ತಿರ ಬರುತ್ತಿತ್ತು.

"ನನ್ನ ಜೊತೆ ಬನ್ನಿ. ಹೆಣ ಮಲಗಿಸಿದ್ದು ನೀವು ಅಂತ ಪ್ರಾಸಿಕ್ಯೂಟರಿಗೆ ಹೇಳಿ. ಆದ್ರೆ ಅಷ್ಟು ಸಾಲದು. ನೀವು ಹೋಗೋ ಮುಂಚೆಯೇ ಬಿನಾಲಿ ಬಂದು ನೂಕಿದಾನೆ ಅಂತಾರೆ ಅವರು. ಯೋಚನೆ ಮಾಡಿ, ಬೇರೆ ಯಾರಾದ್ರೂ ಬಂದ ಗುರುತು ಏನಾದ್ರೂ ಇತ್ತಾ?"

"ಇರಲಿಲ್ಲ."

ತೀರ ಬೇಗ ಬಂದ ಉತ್ತರ. ಅಷ್ಟು ಹೊತ್ತೂ ಸುಳ್ಳಾಡದ ಬಾಯಿ ಅದು, ಅಭ್ಯಾಸವಿಲ್ಲದೆ ಎಡವಿತು.

"ಅಮ್ಮಾ, ಬಿನಾಲಿ ಹೆಂಡತಿ ನಮ್ಮ ಕಾರಿಡಾರಲ್ಲಿ ಕೂತಿದಾಳೆ. ಗಂಡನ ಕಾಲುಚೀಲ ಹಿಡ್ಕೊಂಡು."

ಕಾಲುಚೀಲ ಎಂದದ್ದಕ್ಕೆ ಅವರ ಮುಖ ಬದಲಾಯಿತು. ಕೈ ಚಾಚಿ ಕುದಿಯುತ್ತಿದ್ದ ಕೆಟಲನ್ನು ಒಲೆಯ ಅಂಚಿಗೆ ಸರಿಸಿದರು.

"ಒಲೆ ಪಕ್ಕ ಎರಡು ಗ್ಲಾಸಿತ್ತು," ಎಂದರು.

"ಒಂದು ಬಿನಾಲಿದಿರಬಹುದು."

"ಅಲ್ಲ. ಒಂದರ ತಳದಲ್ಲಿ ಕರಗದ ಸಕ್ಕರೆ ಇತ್ತು. ಒಳಗೆ ಚಮಚ."

ಈ ಊರಿನಲ್ಲಿ ಗವರ್ನರನಿಂದ ಹಿಡಿದು ಕುರಿ ಕಾಯುವವನವರೆಗೆ ಯಾರೂ ಸಕ್ಕರೆಯನ್ನು ಗ್ಲಾಸಿಗೆ ಹಾಕುವುದಿಲ್ಲ. ಮಧ್ಯಾಹ್ನ ಕೇಳಿದ ಆ ಟಿಣಿಟಿಣಿ ಸದ್ದು ನನ್ನ ಕಿವಿಯಲ್ಲಿ ಮತ್ತೆ ಶುರುವಾಯಿತು. "ನಾನು ಆ ವಾರ ಬೆಟ್ಟ ಹತ್ತಲಿಲ್ಲ" ಎಂದಿದ್ದಳು ನೆವ್ರಾ. "ಹೆಸರು ನನ್ನ ಬಾಯಲ್ಲಿ ಹೇಳಿಸಬೇಡಿ" ಎಂದಿದ್ದಳು. ಅಳುತ್ತ ಅಳುತ್ತಲೇ ನನ್ನನ್ನು ಈ ಮನೆಯ ಬಾಗಿಲಿಗೆ ತಂದು ನಿಲ್ಲಿಸಿದ್ದಳು.

"ಆ ಗ್ಲಾಸು ಎಲ್ಲಿ ಅಮ್ಮಾ?"

"ತೊಳೆದೆ."

"ಯಾಕೆ?"

"ನಾನು ಹೆತ್ತಿಲ್ಲ ಸೆಯ್ಫಿ. ಇಜ್ಮಿರ್‌ನಿಂದ ಚಳೀಲಿ ನಡುಗ್ತಾ ಬಂದ ದಿನದಿಂದ ಅವಳನ್ನೇ ಹೆತ್ತೆ ಅಂದ್ಕೊಂಡಿದೀನಿ. ಏನಾಯ್ತೋ, ಯಾಕೆ ಹೋಗಿದ್ಲೋ, ನಾನು ಕೇಳಿಲ್ಲ, ಕೇಳೋದೂ ಇಲ್ಲ." ಕಣ್ಣೊರೆಸಿಕೊಂಡರು. ಧ್ವನಿ ಈಗ ನಡುಗುತ್ತಿರಲಿಲ್ಲ. "ನಿನ್ನ ಜೊತೆ ಬರ್ತೀನಿ. ಹೆಣ ಮಲಗಿಸಿದ್ದು ನಾನು ಅಂತ ಹೇಳ್ತೀನಿ. ಗ್ಲಾಸಿನ ವಿಷಯ ಕೇಳಿದ್ರೆ, ಒಂದೇ ಇತ್ತು ಅಂತೀನಿ."

"ಆ ಎರಡನೇ ಗ್ಲಾಸು ಇಲ್ಲದೆ ಬಿನಾಲಿ ಹೊರಗೆ ಬರಲ್ಲ."

"ಗೊತ್ತು. ದೇವರು ನನ್ನನ್ನ ಕ್ಷಮಿಸಲ್ಲ, ಅದೂ ಗೊತ್ತು."

"ತೊಳೆದು ಅಲ್ಲೇ ಇಟ್ರಾ?"

"ಅವರು ಬೆಟ್ಟಕ್ಕೆ ಒಯ್ದಿದ್ದ ಮನೆ ಗ್ಲಾಸು ಅವು, ನನ್ನ ಮದುವೇದು. ಜೋಡಿ ಒಡೀಬಾರದು ಅಂತ ತಂದೆ." ನನ್ನ ಕೈಯ ಕಡೆ ನೋಡಿದರು.

ನಾನೂ ನೋಡಿದೆ. ಅಂಚಿನ ಚಿನ್ನದ ಗೆರೆ, ತಳದಲ್ಲಿ ಒಂದು ಗುಟುಕು ಚಹಾ, ಮೈಮೇಲೆಲ್ಲ ನನ್ನವೇ ಬೆರಳಚ್ಚುಗಳು.

ಮೆಟ್ಟಿಲಲ್ಲಿ ಯಾರೋ ಬೂಟಿನ ಕೆಸರು ಕೊಡವುತ್ತಿದ್ದರು. ಬೆಹಿಜೆ ಅಮ್ಮ ತಲೆಯ ಬಟ್ಟೆ ಸರಿಮಾಡಿಕೊಂಡು ಎದ್ದರು. "ದಿನಾ ಈ ಹೊತ್ತಿಗೆ ಬರ್ತಾಳೆ, ನಾನು ಒಬ್ಬಳೇ ಇರಬಾರದು ಅಂತ," ಎಂದರು. ಕಪಾಟಿನಿಂದ ಇನ್ನೊಂದು ಗ್ಲಾಸು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಡ್ರಾಯರಿನಲ್ಲಿ ಹುಡುಕಿ, ಗ್ಲಾಸಿನ ಪಕ್ಕಕ್ಕೆ ಒಂದು ಚಮಚ ಇಟ್ಟರು.